ಪ್ರತಿಕಾಯದ ವಿವರಪತ್ರ: ಒಂದು ವಿಮರ್ಶೆ

ಕಾವ್ಯ, ಪುರಾಣ, ಶಾಸನಗಳನ್ನು ವಿಮರ್ಶಿಸುವುದು ನಮ್ಮಲ್ಲಿ ರೂಢಿಯಾಗಿದೆ. ಔಷಧದ ಸೀಸೆಯೊಡನೆ ಬರುವ ಹಾಳೆಯನ್ನು ಯಾರೂ ವಿಮರ್ಶಿಸುವುದಿಲ್ಲ. ಅದನ್ನು ಪೂರ್ತಿ ಓದುವವರೂ ವಿರಳ. ಆದರೆ ಇಂದಿನ ಬದುಕಿನಲ್ಲಿ ಹಿಂಸೆ-ಅಹಿಂಸೆಗಳ, ಸತ್ಯ-ಅಸತ್ಯಗಳ ಲೆಕ್ಕ ಬಹುಮಟ್ಟಿಗೆ ಬರೆಯಲ್ಪಡುವುದು ಇಂಥ ಹಾಳೆಗಳಲ್ಲಿಯೇ. ಬರೆಯದೆ ಬಿಟ್ಟುಹೋಗುವುದೂ ಇಂಥ ಹಾಳೆಗಳಲ್ಲಿಯೇ. ಅಂಥ ಒಂದು ಹಾಳೆಯನ್ನು ಶ್ರಾವಕ-ಶ್ರಾವಿಕೆಯರ ಮುಂದಿಟ್ಟು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಪ್ರಸಂಗ ಹೀಗಿದೆ. ನಮ್ಮ ಬಸದಿಯ ಟ್ರಸ್ಟಿನ ವಿದ್ಯಾರ್ಥಿವೇತನ ಸಮಿತಿಯ ಮುಂದೆ ಒಂದು ಅರ್ಜಿ ಬಂದಿತು. ಅರ್ಜಿದಾರಳು ನಮ್ಮ ಸಮಾಜದ ಮಗಳು. ಪ್ರಯೋಗಾಲಯವೊಂದರಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಕುರಿತು ಸಂಶೋಧನೆ ನಡೆಸುತ್ತಿರುವವಳು. ಸಮಿತಿಯ ಹಿರಿಯರೊಬ್ಬರು, "ಮಗೂ, ನಿನ್ನ ಕೆಲಸದಲ್ಲಿ ಪ್ರಾಣಿಹಿಂಸೆ ಇದೆಯೇ?" ಎಂದು ಕೇಳಿದರು. "ಅಜ್ಜಾ, ನಾನು ಪ್ರಾಣಿಯನ್ನು ಮುಟ್ಟುವುದಿಲ್ಲ. ಆದರೆ ಇಲಿಯಿಂದ ಬಂದ ಪದಾರ್ಥವನ್ನು ದಿನವೂ ಬಳಸುತ್ತೇನೆ" ಎಂದು ಆಕೆ ಮರೆಮಾಚದೆ ಉತ್ತರಿಸಿ, ಆ ಪದಾರ್ಥದೊಡನೆ ಬಂದ ವಿವರಪತ್ರವನ್ನು ಮೇಜಿನ ಮೇಲಿಟ್ಟಳು. ಸಭೆ ನಿರ್ಣಯವನ್ನು ಮುಂದೂಡಿತು. ಹಾಳೆಯನ್ನು ಓದಿ ಅಭಿಪ್ರಾಯ ತಿಳಿಸುವ ಹೊಣೆ ನನ್ನ ಮೇಲೆ ಬಿದ್ದಿತು. ಆ ಓದಿನ ಸಾರ ಇಲ್ಲಿದೆ. ತಯಾರಕರ ಹೆಸರು ಇಲ್ಲಿ ಅನಾವಶ್ಯಕ, ದೋಷ ಒಬ್ಬರದಲ್ಲ.

ಹಾಳೆಯಲ್ಲಿ ಇರುವುದು

ಹಾಳೆ ಒಂದೂವರೆ ಪುಟದ್ದು. ಸೀಸೆಯಲ್ಲಿರುವುದು ಮನುಷ್ಯ ಜೀವಕೋಶದ ಒಂದು ಪ್ರೋಟೀನನ್ನು ಗುರುತಿಸುವ ಮಾನೋಕ್ಲೋನಲ್ ಪ್ರತಿಕಾಯ. ಪ್ರಮಾಣ ೧೦೦ ಮೈಕ್ರೊಲೀಟರ್, ಎಂದರೆ ಎರಡು ಹನಿಗಳಷ್ಟು. ಸಾವಿರ ಪಾಲು ದ್ರವಕ್ಕೆ ಒಂದು ಪಾಲು ಬೆರೆಸಿ ಬಳಸತಕ್ಕದ್ದು. ಮೂಲಪ್ರಾಣಿ: ಇಲಿ. ಕ್ಲೋನಿನ ಸಂಖ್ಯೆ ಇಂಥದು. ಯಾವ ಯಾವ ಪರೀಕ್ಷೆಗಳಿಗೆ ಒದಗುವುದೆಂಬ ಪಟ್ಟಿ, ಒಂದು ಚಿತ್ರ, ಕೊನೆಗೆ 'ಸಂಶೋಧನೆಗೆ ಮಾತ್ರ' ಎಂಬ ಎಚ್ಚರಿಕೆ. ಇಷ್ಟೇ.

ಪ್ರತಿಕಾಯವೆಂದರೇನೆಂಬುದನ್ನು ಸ್ವಲ್ಪದರಲ್ಲಿ ತಿಳಿಯುವುದು ಒಳ್ಳೆಯದು. ದೇಹಕ್ಕೆ ಪರಕೀಯ ವಸ್ತು ಹೊಕ್ಕಾಗ ರಕ್ತದಲ್ಲಿನ ಒಂದು ಬಗೆಯ ಬಿಳಿಯ ಕೋಶಗಳು ಅದಕ್ಕೆ ಅಂಟಿಕೊಳ್ಳಬಲ್ಲ ಪ್ರೋಟೀನುಗಳನ್ನು ತಯಾರಿಸುತ್ತವೆ. ಇವೇ ಪ್ರತಿಕಾಯಗಳು. ಒಂದೊಂದು ಕೋಶವೂ ಸಾಮಾನ್ಯವಾಗಿ ಒಂದೇ ಬಗೆಯ ಪ್ರತಿಕಾಯವನ್ನು ಮಾಡುತ್ತದೆ. ಆ ಪ್ರತಿಕಾಯವು ಗುರಿವಸ್ತುವಿನ ಒಂದು ಸಣ್ಣ ಭಾಗವನ್ನು ಹಿಡಿಯುತ್ತದೆ. ಮನುಷ್ಯನ ಪ್ರೋಟೀನನ್ನು ಇಲಿಯ ದೇಹಕ್ಕೆ ಚುಚ್ಚಿದರೆ ಇಲಿಗೆ ಅದು ಪರಕೀಯ. ಅದರ ದೇಹ ಪ್ರತಿಕಾಯವನ್ನು ಮಾಡುತ್ತದೆ. ಸಾವಿರಾರು ಪ್ರೋಟೀನುಗಳು ಬೆರೆತಿರುವ ಜೀವಕೋಶದ ರಸದಲ್ಲಿ ಬೇಕಾದ ಒಂದನ್ನು ಮಾತ್ರ ಹುಡುಕಿ ತೋರಿಸುವ ಸಾಧನವಾಗಿ ಸಂಶೋಧಕರು ಇದನ್ನು ಬಳಸುತ್ತಾರೆ. ಪ್ರೋಟೀನುಗಳನ್ನು ತೂಕಕ್ಕನುಗುಣವಾಗಿ ಬೇರ್ಪಡಿಸಿ ಪೊರೆಯ ಮೇಲೆ ಹರಡಿ ಪ್ರತಿಕಾಯವನ್ನು ಸವರಿದರೆ ಗುರಿ ಇರುವಲ್ಲಿ ಒಂದು ಪಟ್ಟೆ ಕಾಣಿಸುತ್ತದೆ. ಅಂಗಾಂಶದ ತೆಳುಸೀಳಿನ ಮೇಲೆ ಬಳಸಿದರೆ ಗುರಿ ಇರುವಲ್ಲಿ ಬಣ್ಣ ಏರುತ್ತದೆ.

ಇದು ದೂರದ ವಿಷಯವೆಂದು ನಮ್ಮ ಮನೆಯವರು ತಿಳಿಯಬಾರದು. ಗರ್ಭ ನಿಂತಿತೆಂದು ಮನೆಯಲ್ಲಿಯೇ ತಿಳಿಸುವ ಪಟ್ಟಿಯಲ್ಲಿರುವುದು ಇಂಥ ಪ್ರತಿಕಾಯವೇ. ೨೦೨೦-೨೧ರಲ್ಲಿ ಕೋವಿಡ್ ಬಂದಾಗ ಮೂಗಿನ ದ್ರವ ತೆಗೆದು ಹದಿನೈದು ನಿಮಿಷದಲ್ಲಿ ಫಲಿತಾಂಶ ಹೇಳಿದ ಪೆಟ್ಟಿಗೆಗಳಲ್ಲಿದ್ದುದೂ ಇದೇ. ನಾವೆಲ್ಲರೂ ಇದರ ಫಲವನ್ನು ಉಂಡವರು.

ಹಾಳೆ ಹೇಳದ ಇಲಿ

'ಮೂಲಪ್ರಾಣಿ: ಇಲಿ' ಎಂಬ ಎರಡು ಪದಗಳ ಹಿಂದೆ ಏನಿದೆ? ೧೯೭೫ರ ಆಗಸ್ಟಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಜಾರ್ಜಸ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಧಾನವನ್ನು ಪ್ರಕಟಿಸಿದರು. ಕೇಂಬ್ರಿಜ್ಜಿನ ಅಣುಜೀವವಿಜ್ಞಾನ ಪ್ರಯೋಗಾಲಯದಲ್ಲಿ ನಡೆದ ಕೆಲಸವದು. ಪ್ರತಿಜನಕವನ್ನು ಚುಚ್ಚಿದ ಇಲಿಯ ಗುಲ್ಮದಿಂದ ಪ್ರತಿಕಾಯ ಮಾಡುವ ಕೋಶಗಳನ್ನು ತೆಗೆದು, ಸಾಯದೆ ವಿಭಜನೆಗೊಳ್ಳುತ್ತಲೇ ಹೋಗುವ ಕ್ಯಾನ್ಸರ್ ಕೋಶಗಳೊಡನೆ ಅವನ್ನು ಬೆಸೆದರು. ಹುಟ್ಟಿದ ಸಂಕರಕೋಶ ಎರಡೂ ಗುಣಗಳನ್ನು ಪಡೆಯಿತು: ಒಂದೇ ಬಗೆಯ ಪ್ರತಿಕಾಯವನ್ನು, ಕೊನೆಯಿಲ್ಲದೆ ಕೊಡುತ್ತ ಹೋಯಿತು. ಈ ಕಾರ್ಯಕ್ಕಾಗಿ ೧೯೮೪ರಲ್ಲಿ ನೀಲ್ಸ್ ಜೆರ್ನೆಯವರೊಡನೆ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ವಿಧಾನಕ್ಕೆ ಪೇಟೆಂಟ್ ಆಗಲಿಲ್ಲ. ಲೋಕವೆಲ್ಲ ಅದನ್ನು ಬಳಸಿತು.

ಇಲ್ಲಿ ಎರಡು ಹಂತಗಳನ್ನು ಬೇರೆಬೇರೆಯಾಗಿ ನೋಡಬೇಕು. ಮೊದಲ ಹಂತದಲ್ಲಿ ಕೆಲವು ಇಲಿಗಳಿಗೆ ವಾರಗಟ್ಟಲೆ ಚುಚ್ಚುಮದ್ದು ಕೊಟ್ಟು, ಕೊನೆಗೆ ಕೊಂದು ಗುಲ್ಮವನ್ನು ತೆಗೆಯುತ್ತಾರೆ. ಸಂಕರಕೋಶ ಒಮ್ಮೆ ದೊರೆತರೆ ಆ ಪ್ರತಿಕಾಯಕ್ಕಾಗಿ ಈ ಹಂತವನ್ನು ಮತ್ತೆ ಮಾಡಬೇಕಾಗಿಲ್ಲ. ಎರಡನೆಯ ಹಂತ, ಪ್ರತಿಕಾಯವನ್ನು ಹೆಚ್ಚು ಪ್ರಮಾಣದಲ್ಲಿ ಪಡೆಯುವುದು. ಇದನ್ನು ಗಾಜಿನ ಪಾತ್ರೆಯಲ್ಲಿ ಕೋಶಗಳನ್ನು ಬೆಳೆಸಿಯೂ ಮಾಡಬಹುದು. ಜೀವಂತ ಇಲಿಯೊಳಗೂ ಮಾಡಬಹುದು. ದೀರ್ಘಕಾಲ ನಡೆದದ್ದು ಎರಡನೆಯ ರೀತಿ. ಇಲಿಯ ಹೊಟ್ಟೆಗೆ ಮೊದಲು ಎಣ್ಣೆಯಂಥ ಉದ್ರೇಕಕಾರಿ ದ್ರವವನ್ನು ಚುಚ್ಚುತ್ತಾರೆ. ಕೆಲವು ದಿನಗಳ ಅನಂತರ ಸಂಕರಕೋಶಗಳನ್ನು ಚುಚ್ಚುತ್ತಾರೆ. ಅವು ಗಂತಿಯಾಗಿ ಬೆಳೆದು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ನಮ್ಮ ವೈದ್ಯರು ಜಲೋದರವೆಂದು ಕರೆಯುವ ವ್ಯಾಧಿಯೇ ಇದು; ಇಲ್ಲಿ ಬೇಕೆಂದೇ ಬರಿಸಿದ್ದು. ಒಂದೆರಡು ವಾರಗಳಲ್ಲಿ ಹೊಟ್ಟೆ ಉಬ್ಬಿ ಇಲಿಗೆ ನಡೆಯುವುದೂ ಉಸಿರಾಡುವುದೂ ಕಷ್ಟವಾಗುತ್ತದೆ. ಸೂಜಿಯಿಂದ ನೀರನ್ನು ತೆಗೆಯುತ್ತಾರೆ. ಕೆಲವೊಮ್ಮೆ ಮತ್ತೆ ತುಂಬಲು ಬಿಟ್ಟು ಮತ್ತೆ ತೆಗೆಯುತ್ತಾರೆ. ಆಮೇಲೆ ಕೊಲ್ಲುತ್ತಾರೆ. ಆ ನೀರೇ ಪ್ರತಿಕಾಯದ ಆಗರ.

ಈ ಪದ್ಧತಿಗೆ ವಿರೋಧ ಹುಟ್ಟದೆ ಇರಲಿಲ್ಲ. ನೆದರ್‌ಲೆಂಡ್ಸ್, ಬ್ರಿಟನ್, ಜರ್ಮನಿ, ಸ್ವಿಟ್ಜರ್‌ಲೆಂಡ್ ಮೊದಲಾದ ಯೂರೋಪಿನ ದೇಶಗಳು ೧೯೯೦ರ ದಶಕದಲ್ಲಿಯೇ ಇದನ್ನು ಕಟ್ಟುನಿಟ್ಟಾಗಿ ಮಿತಿಗೊಳಿಸಿದವು. ಅಮೆರಿಕದಲ್ಲಿ ಪ್ರಾಣಿದಯಾ ಸಂಘವೊಂದು ೧೯೯೭ರಲ್ಲಿ ನಿಷೇಧ ಕೋರಿ ಸರಕಾರಕ್ಕೆ ಮನವಿ ಸಲ್ಲಿಸಿತು. ೧೯೯೯ರಲ್ಲಿ ಅಲ್ಲಿಯ ರಾಷ್ಟ್ರೀಯ ಸಂಶೋಧನಾ ಮಂಡಳಿಯು ವರದಿ ನೀಡಿ, ಸಾಧ್ಯವಿದ್ದೆಡೆಯೆಲ್ಲ ಪಾತ್ರೆಯಲ್ಲಿ ಬೆಳೆಸುವ ಕ್ರಮವೇ ವಾಡಿಕೆಯಾಗಬೇಕೆಂದೂ, ಕೆಲವು ಸಂದರ್ಭಗಳಲ್ಲಿ ಇಲಿಯ ಕ್ರಮ ಇನ್ನೂ ಅನಿವಾರ್ಯವೆಂದೂ ಹೇಳಿತು. ಬಾಗಿಲು ಮುಚ್ಚಿತು, ಆದರೆ ಅಗುಳಿ ಹಾಕಲಿಲ್ಲ. ಮತ್ತೊಂದು ಸಂಗತಿಯನ್ನು ಓದಿ ನಾನು ಬೆರಗಾದೆ. ಅಮೆರಿಕದ ಪ್ರಾಣಿಕಲ್ಯಾಣ ಕಾಯಿದೆಯ ಪರಿಭಾಷೆಯಲ್ಲಿ, ೨೦೦೨ರ ತಿದ್ದುಪಡಿಯಂತೆ, ಸಂಶೋಧನೆಗೆಂದೇ ಬೆಳೆಸಿದ ಇಲಿ 'ಪ್ರಾಣಿ'ಯೇ ಅಲ್ಲ. ಸರಕಾರದ ಹಣ ಪಡೆಯುವ ಸಂಸ್ಥೆಗಳಿಗೆ ಬೇರೆ ನಿಯಮಗಳಿವೆ, ನಿಜ. ಆದರೂ ಪಂಚೇಂದ್ರಿಯಗಳುಳ್ಳ, ನೋವಿಗೆ ಮುದುಡುವ ಜೀವವನ್ನು ಒಂದು ಪದದ ಅರ್ಥದಿಂದ ಹೊರಗಿಡಬಹುದೆಂಬುದು ವಿಚಾರಾರ್ಹ.

ನಮ್ಮ ಮುಂದಿದ್ದ ಹಾಳೆಯಲ್ಲಿ ಈ ಎರಡನೆಯ ಹಂತದ ವಿಷಯವೇ ಇಲ್ಲ. ಪಾತ್ರೆಯಲ್ಲಿ ಬೆಳೆಸಿದ್ದೋ, ಜಲೋದರದಿಂದ ತೆಗೆದದ್ದೋ ಎಂಬುದನ್ನು ಕೆಲವು ತಯಾರಕರು ಬರೆಯುತ್ತಾರೆ. ಇವರು 'ಶುದ್ಧೀಕರಿಸಿದ್ದು' ಎಂದಷ್ಟೇ ಬರೆದಿದ್ದಾರೆ. ವಿವರಪತ್ರದ ಮೇಲೆ ನನ್ನ ಮೊದಲ ಆಕ್ಷೇಪ ಇದು. ಎಷ್ಟು ಡಿಗ್ರಿಯ ಶೈತ್ಯದಲ್ಲಿ ಸೀಸೆಯನ್ನಿಡಬೇಕೆಂಬುದನ್ನು ಹೇಳಲು ಎರಡು ಸಾಲು ದೊರೆತವು. ಜೀವವೊಂದು ಹೇಗೆ ಬಳಕೆಯಾಯಿತೆಂದು ಹೇಳಲು ಅರ್ಧ ಸಾಲು ದೊರೆಯಲಿಲ್ಲ.

ಅತಿಚಾರಗಳ ಬೆಳಕಿನಲ್ಲಿ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತು, ಕುದುರೆ, ಆಳುಕಾಳುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವ್ಯಾಖ್ಯಾನಕಾರರು ಇವನ್ನು ವಿವರಿಸುವುದು ವಾಡಿಕೆ. ಹೊರಲಾರದಷ್ಟು ಭಾರವನ್ನು ಹೇರುವುದು ಅತಿಭಾರಾರೋಪಣ. ತನ್ನ ಮೈಯೊಳಗೇ ಬೆಳೆದ ಗಂತಿಯ ನೀರನ್ನು ಹೊತ್ತು ತೆವಳುವ ಇಲಿಯ ಮೇಲೆ ಹೇರಿದ್ದು ಬೇರೇನು? ಪಂಜರ ಬಂಧ, ಸೂಜಿ ಛೇದ, ಕೊನೆಯದು ಅತಿಚಾರವನ್ನೂ ಮೀರಿದ ಪ್ರಾಣಹರಣ. ಹೊಸ ಹಿಂಸೆಯನ್ನು ಅಳೆಯಲು ಹೊಸ ಅಳತೆಗೋಲು ಬೇಕಾಗಿಲ್ಲ.

ಆದರೆ ಕರ್ತೃ ಯಾರು? ಹಿಂಸೆ ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಇಲಿಯನ್ನು ಕೊಂದವನು ದೂರದ ದೇಶದ ನೌಕರ. ಸೀಸೆಯನ್ನು ಕೊಂಡವಳು ನಮ್ಮ ಹುಡುಗಿ. ಆಕೆಗೆ ಹಣ ಕೊಡುವವರು ನಾವು. ಜನ್ನನ 'ಯಶೋಧರ ಚರಿತೆ'ಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಅರಸನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೆ ಸಂಕಲ್ಪವಿತ್ತು, ಅದರ ಫಲವಾಗಿ ಭವಭವಗಳ ದುಃಖ ಒದಗಿತು. ಇಲ್ಲಿ ಅದಕ್ಕೆ ವಿಪರೀತ. ಜೀವ ನಿಜವಾಗಿ ಹೋಗಿದೆ. ಆದರೆ ಕೊಂಡವಳಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಸಂಕಲ್ಪವನ್ನು ಬೇರೊಬ್ಬರ ಕೈಗೆ ಕೊಟ್ಟು, ಅದರ ಫಲವನ್ನು ಮಾತ್ರ ಸೀಸೆಯಲ್ಲಿ ತುಂಬಿ ತರಿಸಿಕೊಳ್ಳುವುದು ಈ ಕಾಲದ ಲಕ್ಷಣ. 'ನಾನು ಮುಟ್ಟಲಿಲ್ಲ' ಎಂಬ ಸಮಾಧಾನ ಸುಳ್ಳಲ್ಲ; ಆದರೆ ಪೂರ್ಣವೂ ಅಲ್ಲ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸುವ ಕ್ರಮವಿದೆ. ಸಂಶೋಧನೆಯಲ್ಲಿನ ಹಿಂಸೆ ಉದ್ಯೋಗೀ ಹಿಂಸೆಯೆಂದು ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ನೆಲ ಉಳುವಾಗ ಹುಳು ಸಾಯುವುದು ರೈತನ ಉದ್ದೇಶದ ಹೊರಗಿನದು. ಇಲಿಯ ಸಾವು ಆಕಸ್ಮಿಕವಲ್ಲ. ಯೋಜನೆಯಲ್ಲಿಯೇ ದಿನಾಂಕ ಸಹಿತ ಬರೆದಿರುವುದು. ಮನುಷ್ಯನ ಪ್ರಯೋಜನ ದೊಡ್ಡದಾಗಿದ್ದರೆ ಅದನ್ನು ಸಹಿಸಬೇಕೆಂದು ವಾದಿಸಬಹುದು, ಹೆಸರನ್ನು ಬದಲಿಸಬಾರದು.

ಸತ್ಯದ ಪ್ರಶ್ನೆ

ಇಲ್ಲಿಯವರೆಗಿನ ಮಾತು ಅನೇಕರು ಆಡಿರುವಂಥದು. ಆದರೆ ಹಾಳೆಯ ದೊಡ್ಡ ದೋಷ ಬೇರೆ ಕಡೆ ಇದೆ. ಅದು ಹೇಳುವ ಮುಖ್ಯ ಮಾತು: ಈ ಪ್ರತಿಕಾಯ ಈ ಪ್ರೋಟೀನನ್ನು ಗುರುತಿಸುತ್ತದೆ. ಆ ಮಾತು ನಿಜವೇ?

ಒಂದು ಉದಾಹರಣೆಯನ್ನು ನೋಡೋಣ. ಸ್ತ್ರೀಹಾರ್ಮೋನಾದ ಈಸ್ಟ್ರೊಜೆನ್ನನ್ನು ಸ್ವೀಕರಿಸುವ ಒಂದು ಪ್ರೋಟೀನು ಜೀವಕೋಶದಲ್ಲಿದೆಯೆಂದು ಮೊದಲೇ ತಿಳಿದಿತ್ತು. ೧೯೯೬ರಲ್ಲಿ ಸ್ವೀಡನ್ನಿನ ಸಂಶೋಧಕರು ಎರಡನೆಯದೊಂದನ್ನು ಕಂಡುಹಿಡಿದರು. ಅದಕ್ಕೆ ಬೀಟಾ ಗ್ರಾಹಕವೆಂದು ಹೆಸರಾಯಿತು. ಸ್ತನ ಕ್ಯಾನ್ಸರಿನಲ್ಲಿ ಅದರ ಪಾತ್ರವೇನೆಂದು ಎರಡು ದಶಕಗಳ ಕಾಲ ಲೆಕ್ಕವಿಲ್ಲದಷ್ಟು ಪ್ರಬಂಧಗಳು ಬಂದವು. ಒಂದು ಇನ್ನೊಂದಕ್ಕೆ ವಿರುದ್ಧ. ೨೦೧೭ರಲ್ಲಿ ಸ್ವೀಡನ್ನಿನವರೇ ಆದ ಮತ್ತೊಂದು ತಂಡ ಆ ಪ್ರೋಟೀನಿಗಾಗಿ ಬಳಕೆಯಲ್ಲಿದ್ದ ೧೩ ಪ್ರತಿಕಾಯಗಳನ್ನು ಒಂದೊಂದಾಗಿ ಒರೆಗೆ ಹಚ್ಚಿತು. ನಿರ್ದಿಷ್ಟವಾಗಿ ಗುರಿಯನ್ನು ಮಾತ್ರ ಹಿಡಿದದ್ದು ಒಂದೇ ಒಂದು: ಪಿಪಿಝಡ್ ೦೫೦೬ ಎಂಬ ಮಾನೋಕ್ಲೋನಲ್ ಪ್ರತಿಕಾಯ. ಅದು ಹೆಚ್ಚು ಬಳಕೆಯಲ್ಲಿದ್ದುದೂ ಅಲ್ಲ. ಅದನ್ನು ಬಳಸಿ ನೋಡಿದಾಗ ಸಹಜ ಸ್ತನದ ಅಂಗಾಂಶದಲ್ಲಿಯೂ ಸ್ತನ ಕ್ಯಾನ್ಸರಿನಲ್ಲಿಯೂ ಆ ಪ್ರೋಟೀನು ಕಾಣಲಿಲ್ಲ. ವೃಷಣ, ಅಂಡಾಶಯ, ದುಗ್ಧರಸ ಗ್ರಂಥಿಯ ಕೋಶಗಳಲ್ಲಿ ಕಂಡಿತು. ಇಷ್ಟು ವರ್ಷ ಕಂಡಿದ್ದ ಬಣ್ಣವೆಷ್ಟೋ ಬೇರೆ ಯಾವುದೋ ಪ್ರೋಟೀನಿನದು.

ಇನ್ನೊಂದು ಪ್ರಸಂಗ ಕೆನಡಾದ ಟೊರಾಂಟೊ ನಗರದ್ದು. ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಮುಂಚಿತವಾಗಿ ತಿಳಿಸಬಲ್ಲ ಪ್ರೋಟೀನೊಂದು ಸಿಕ್ಕಿತೆಂದು ತಂಡವೊಂದು ಹರ್ಷಿಸಿತು. ಮಾರುಕಟ್ಟೆಯಿಂದ ತಂದ ಪರೀಕ್ಷಾ ಪೆಟ್ಟಿಗೆ ಹಿಡಿಯುತ್ತಿದ್ದುದು ಬೇಕಾದ ಪ್ರೋಟೀನನ್ನಲ್ಲ, ಮೊದಲೇ ಪರಿಚಿತವಾಗಿದ್ದ ಬೇರೊಂದನ್ನು ಎಂದು ಆಮೇಲೆ ಹೊರಬಿದ್ದಿತು. ಎರಡು ವರ್ಷಗಳ ಶ್ರಮ, ಸುಮಾರು ೫ ಲಕ್ಷ ಡಾಲರ್, ರೋಗಿಗಳು ಕೊಟ್ಟ ರಕ್ತದ ಮಾದರಿಗಳು ವ್ಯರ್ಥವಾದವು. ಆ ಸಂಶೋಧಕರು ತಮ್ಮ ಸೋಲನ್ನು ೨೦೧೪ರಲ್ಲಿ ತಾವೇ ಪ್ರಕಟಿಸಿದರು. ಇದನ್ನು ಮೆಚ್ಚಬೇಕು.

ಇವು ಬಿಡಿಬಿಡಿ ಅಪವಾದಗಳಲ್ಲ. ನರವಿಜ್ಞಾನಕ್ಕೆ ಸಂಬಂಧಿಸಿದ ೬೫ ಪ್ರೋಟೀನುಗಳಿಗಾಗಿ ಮಾರಾಟದಲ್ಲಿದ್ದ ೬೧೪ ಪ್ರತಿಕಾಯಗಳನ್ನು ಮಾಂಟ್ರಿಯಲ್ಲಿನ ತಂಡದ ನೇತೃತ್ವದಲ್ಲಿ ಪರೀಕ್ಷಿಸಿ ೨೦೨೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರೋಟೀನೊಂದಕ್ಕೆ ಸರಾಸರಿ ಹನ್ನೆರಡರಷ್ಟು ಪ್ರಬಂಧಗಳು ಗುರಿಯನ್ನೇ ಗುರುತಿಸದ ಪ್ರತಿಕಾಯವನ್ನು ನಂಬಿ ಬರೆದವಾಗಿದ್ದವು. ಕೆಟ್ಟ ಪ್ರತಿಕಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ೮೦ ಕೋಟಿ ಡಾಲರ್ ಹಾಳಾಗುತ್ತಿದೆಯೆಂದು ೨೦೧೫ರಲ್ಲಿಯೇ ನೂರಕ್ಕೂ ಮಿಕ್ಕ ವಿಜ್ಞಾನಿಗಳು ಸಹಿ ಹಾಕಿ ಅಂದಾಜು ಹೇಳಿದ್ದರು. 'ಮಾನೋಕ್ಲೋನಲ್' ಎಂಬ ಹೆಸರೂ ಭರವಸೆಯಲ್ಲ. ೧೮೫ ಸಂಕರಕೋಶಗಳನ್ನು ಪರಿಶೀಲಿಸಿದಾಗ ಶೇಕಡ ೩೧.೯ರಷ್ಟು ಕೋಶಗಳು ತಮ್ಮದಲ್ಲದೆ ಬೇರೆ ಪ್ರತಿಕಾಯದ ತುಣುಕುಗಳನ್ನೂ ತಯಾರಿಸುತ್ತಿದ್ದುದು ೨೦೧೮ರಲ್ಲಿ ತಿಳಿಯಿತು.

ನಮ್ಮ ಶಾಸ್ತ್ರದಲ್ಲಿ ಇದಕ್ಕೂ ಹೆಸರಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಸುಳ್ಳು ಪತ್ರ ಬರೆಯುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಪ್ರತಿರೂಪಕವ್ಯವಹಾರ, ಅಸಲಿನಂತೆ ತೋರುವ ಬೇರೆ ಪದಾರ್ಥವನ್ನು ಅಸಲೆಂದು ಮಾರುವುದು. ವಿವರಪತ್ರವನ್ನು ಬರೆದವರೆಲ್ಲ ಬೇಕೆಂದೇ ಸುಳ್ಳು ಬರೆದರೆಂದು ನಾನು ಹೇಳುವುದಿಲ್ಲ. ಪರೀಕ್ಷಿಸದೆ ಬರೆದರು, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದರು. ವ್ಯಾಪಾರಿ ಮನೆತನಗಳ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ತೂಗದೆ ತೂಕ ಬರೆದವನು ಸುಳ್ಳು ಹೇಳುವ ಸಂಕಲ್ಪ ಮಾಡಿಲ್ಲದಿರಬಹುದು. ಕೊಂಡವನಿಗೆ ಆದ ನಷ್ಟ ಅದರಿಂದ ಕಡಮೆಯಾಗದು.

ಅನರ್ಥದಂಡ

ಸುಳ್ಳು ಬೇರೆ, ಹಿಂಸೆ ಬೇರೆ ಎಂದು ಬಿಡಿಯಾಗಿ ನೋಡಿದರೆ ಈ ಹಾಳೆ ಅರ್ಥವಾಗುವುದಿಲ್ಲ. ಎರಡನ್ನೂ ಜೋಡಿಸುವುದು ಅನರ್ಥದಂಡವೆಂಬ ವಿಚಾರ. ಪ್ರಯೋಜನವಿಲ್ಲದ ಹಿಂಸೆಯಿಂದ ವಿರಮಿಸುವುದು ಶ್ರಾವಕನ ಗುಣವ್ರತಗಳಲ್ಲೊಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಬಗೆಗಳನ್ನು ಹೇಳಿದ್ದಾರೆ. ಪ್ರಮಾದಚರ್ಯೆ ಅವುಗಳಲ್ಲಿ ಒಂದು. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಎಲೆ ಕೀಳುವುದು ಕೂಡ ಅಲ್ಲಿ ದೋಷ.

ಸರಿಯಾದ ಪ್ರತಿಕಾಯಕ್ಕಾಗಿ ಸತ್ತ ಇಲಿಯ ವಿಷಯದಲ್ಲಿ 'ರೋಗಿಗೆ ಪ್ರಯೋಜನವಾಯಿತು' ಎಂದಾದರೂ ವಾದಿಸಬಹುದು. ಗುರಿಯನ್ನೇ ಗುರುತಿಸದ ಪ್ರತಿಕಾಯಕ್ಕಾಗಿ ಸತ್ತ ಇಲಿಯ ವಿಷಯದಲ್ಲಿ ಯಾವ ವಾದ ಉಳಿಯುತ್ತದೆ? ಅದು ಯಾರಿಗಾಗಿಯೂ ಸಾಯಲಿಲ್ಲ. ಅಷ್ಟೇ ಅಲ್ಲ, ಅದರಿಂದ ಬಂದ ತಪ್ಪು ಫಲಿತಾಂಶವನ್ನು ನಂಬಿ ಮುಂದಿನವರು ಪ್ರಯೋಗ ಹೂಡಿದಾಗ ಇನ್ನೂ ಎಷ್ಟೋ ಪ್ರಾಣಿಗಳು ಅದೇ ಲೆಕ್ಕಕ್ಕೆ ಸೇರುತ್ತವೆ. ಆದ್ದರಿಂದ ಪ್ರತಿಕಾಯವನ್ನು ಪರೀಕ್ಷಿಸದೆ ಮಾರುವುದೂ ಪರೀಕ್ಷಿಸದೆ ಬಳಸುವುದೂ ಬರಿಯ ತಾಂತ್ರಿಕ ನ್ಯೂನತೆಯಲ್ಲ, ಅನರ್ಥದಂಡ. ವಿವರಪತ್ರದ ವಿಷಯದಲ್ಲಿ ನನ್ನ ಮುಖ್ಯ ವಿಮರ್ಶೆ ಇದೇ.

ಎರಡು ಪ್ರತಿವಾದಗಳು

ಮೊದಲನೆಯದು ತಯಾರಕರ ಕಡೆಯದು. ಪ್ರತಿಕಾಯ ಕೆಲಸ ಮಾಡುತ್ತದೆ ಅಥವಾ ಮಾಡುವುದಿಲ್ಲವೆಂದು ಒಂದೇ ಮಾತಿನಲ್ಲಿ ಹೇಳಲಾಗದು. ಪೊರೆಯ ಮೇಲೆ ಪ್ರೋಟೀನಿನ ಮಡಿಕೆ ಬಿಚ್ಚಿರುತ್ತದೆ. ಅಂಗಾಂಶದಲ್ಲಿ ಮಡಿಕೆಯಾಗಿಯೇ ಇರುತ್ತದೆ. ಅಲ್ಲಿ ಹಿಡಿದದ್ದು ಇಲ್ಲಿ ಹಿಡಿಯದಿರಬಹುದು. ಈ ಮಾತು ಸರಿಯಾದುದು. ಅನೇಕಾಂತವನ್ನು ಒಪ್ಪುವ ನಾವು ಇದನ್ನು ಬೇಗ ಗ್ರಹಿಸಬಲ್ಲೆವು. ಯಾವ ಅಪೇಕ್ಷೆಯಿಂದ, ಯಾವ ಸ್ಥಿತಿಯಲ್ಲಿ ಎಂಬುದನ್ನು ಹೇಳದ ವಿಧಾನ ದುರ್ನಯವಾಗುತ್ತದೆ. ಹಾಳೆಯ ದೋಷವೂ ಅದೇ: 'ಸ್ಯಾತ್' ಎನ್ನಬೇಕಾದಲ್ಲಿ 'ಏವ' ಎಂದಿದೆ. ಹಾಗೆಂದು ಪ್ರತಿಕಾಯ ವಿಜ್ಞಾನ ನಮ್ಮ ಆಗಮಗಳಲ್ಲಿ ಮೊದಲೇ ಇತ್ತೆಂದು ಹೇಳಹೊರಡುವುದು ಬೇಡ. ಅದು ಇನ್ನೊಂದು ಕೂಟಲೇಖವಾದೀತು.

ತಯಾರಕರ ಪರವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮಾಂಟ್ರಿಯಲ್ಲಿನ ಪರೀಕ್ಷೆಯಲ್ಲಿ ಹಲವು ತಯಾರಕರು ತಾವಾಗಿಯೇ ಪಾಲುಗೊಂಡಿದ್ದರು. ವಿಫಲವಾದ ಪ್ರತಿಕಾಯಗಳಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಮಾರಾಟದಿಂದ ಹಿಂತೆಗೆದುಕೊಂಡರು. ಇನ್ನೂ ಹಲವಕ್ಕೆ ವಿವರಪತ್ರವನ್ನು ತಿದ್ದಿದರು. ತಪ್ಪನ್ನು ಒಪ್ಪಿ ಹಿಂದಿರುಗುವುದಕ್ಕೆ ನಾವು ಪ್ರತಿಕ್ರಮಣವೆನ್ನುತ್ತೇವೆ. ವ್ಯಾಪಾರದಲ್ಲಿ ಅದು ಸುಲಭವಲ್ಲ.

ಎರಡನೆಯ ಪ್ರತಿವಾದ ನಮ್ಮೊಳಗಿನದು. 'ಇಂಥ ಕೆಲಸಕ್ಕೆ ಬಸದಿಯ ಹಣ ಬೇಡ; ಅದನ್ನು ಗೋಶಾಲೆಗೆ ಕೊಡಿ' ಎಂಬುದು. ಭಾವನೆ ಗೌರವಾರ್ಹ. ಆದರೆ ಹಾಗೆ ಹೇಳಿದವರೂ ಕಾಯಿಲೆ ಬಿದ್ದಾಗ ಇದೇ ವಿಜ್ಞಾನದ ಔಷಧವನ್ನು ತೆಗೆದುಕೊಳ್ಳುತ್ತಾರೆ. ನಮ್ಮವರು ಅನೇಕರು ಔಷಧದ ವ್ಯಾಪಾರದಲ್ಲಿಯೇ ಇದ್ದಾರೆ. ಫಲವನ್ನು ಉಂಡು ಬೀಜಕ್ಕೆ ಹಣ ಕೊಡದಿದ್ದರೆ ಅನುಮೋದನೆಯ ದೋಷ ಕಳೆಯುವುದಿಲ್ಲ. ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೆ.

ಬೇರೆ ದಾರಿ

ದಾರಿಯಿಲ್ಲವೆಂದಿದ್ದರೆ ಈ ಚರ್ಚೆ ಬರಿಯ ಕೊರಗಾಗುತ್ತಿತ್ತು. ದಾರಿ ಇದೆ. ೧೯೮೫ರಲ್ಲಿ ಜಾರ್ಜ್ ಸ್ಮಿತ್ ಎಂಬವರು ಬ್ಯಾಕ್ಟೀರಿಯಾಗಳಿಗೆ ಸೋಂಕುವ ವೈರಸ್ಸಿನ ಮೈಮೇಲೆ ಬೇಕಾದ ಪ್ರೋಟೀನನ್ನು ಧರಿಸುವಂತೆ ಮಾಡುವ ವಿಧಾನವನ್ನು ತೋರಿಸಿದರು. ೧೯೯೦ರಲ್ಲಿ ಕೇಂಬ್ರಿಜ್ಜಿನಲ್ಲಿ ಗ್ರೆಗರಿ ವಿಂಟರ್ ಮತ್ತು ಸಂಗಡಿಗರು ಅದನ್ನು ಪ್ರತಿಕಾಯಗಳಿಗೆ ಅನ್ವಯಿಸಿದರು. ಮನುಷ್ಯದಾನಿಗಳ ರಕ್ತದಿಂದ ಪಡೆದ ಜೀನುಗಳ ದೊಡ್ಡ ಸಂಗ್ರಹದಿಂದ, ಗುರಿಗೆ ಅಂಟುವ ಪ್ರತಿಕಾಯವನ್ನು ಪರೀಕ್ಷಾನಳಿಕೆಯಲ್ಲಿಯೇ ಆರಿಸಿಕೊಳ್ಳಬಹುದು, ಇಲಿಗೆ ಚುಚ್ಚಬೇಕಾಗಿಲ್ಲ. ಈ ಇಬ್ಬರಿಗೂ ೨೦೧೮ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಂದಿತು. ಸಂಧಿವಾತಕ್ಕೆ ಕೊಡುವ ಅಡಾಲಿಮುಮಾಬ್ ಔಷಧ ಈ ದಾರಿಯಲ್ಲಿಯೇ ಬಂದದ್ದು. ಅಮೆರಿಕದಲ್ಲಿ ೨೦೦೨ರ ಕೊನೆಗೆ ಅದಕ್ಕೆ ಅನುಮತಿ ದೊರೆಯಿತು.

ಪ್ರತಿಕಾಯದ ಜೀನಿನ ಅಕ್ಷರಮಾಲೆ ತಿಳಿದಿದ್ದರೆ ಅದನ್ನು ಯಾವಾಗ ಬೇಕಾದರೂ ಅದೇ ರೂಪದಲ್ಲಿ ಮತ್ತೆ ತಯಾರಿಸಬಹುದು. ಇಂಥವನ್ನು ರಿಕಾಂಬಿನೆಂಟ್ ಪ್ರತಿಕಾಯಗಳೆನ್ನುತ್ತಾರೆ. ಮೇಲೆ ಹೇಳಿದ ೨೦೨೩ರ ಪರೀಕ್ಷೆಯಲ್ಲಿ ಉಳಿದೆರಡು ಬಗೆಗಳಿಗಿಂತ ಇವೇ ಉತ್ತಮವಾಗಿದ್ದವು. ಅಂದರೆ ಇಲ್ಲಿ ಸತ್ಯ ಮತ್ತು ಅಹಿಂಸೆ ಒಂದೇ ಕಡೆಗೆ ಕೈ ತೋರಿಸುತ್ತವೆ. ೨೦೨೦ರ ಮೇ ತಿಂಗಳಲ್ಲಿ ಯೂರೋಪ್ ಒಕ್ಕೂಟದ ಪರ್ಯಾಯ ವಿಧಾನಗಳ ಪ್ರಯೋಗಾಲಯವು, ಪ್ರಾಣಿಗಳಿಲ್ಲದೆ ಪಡೆದ ಪ್ರತಿಕಾಯಗಳಿರುವಾಗ ಅವಕ್ಕಾಗಿ ಪ್ರಾಣಿಗಳನ್ನು ಬಳಸಬಾರದೆಂದು ಶಿಫಾರಸು ಮಾಡಿತು. ಅನೇಕ ವಿಜ್ಞಾನಿಗಳು ಇದನ್ನು ಆತುರದ ಮಾತೆಂದು ಪ್ರತಿಭಟಿಸಿದರು; ಎಲ್ಲ ಗುರಿಗಳಿಗೂ ಹೊಸ ವಿಧಾನ ಸಮನಾಗಿ ಒದಗದೆಂಬುದು ಅವರ ವಾದ. ವಿವಾದ ಮುಗಿದಿಲ್ಲ.

ಈ ದಾರಿಯೂ ನಿಷ್ಕಳಂಕವಲ್ಲವೆಂಬುದನ್ನು ಮರೆಯಬಾರದು. 'ರಿಕಾಂಬಿನೆಂಟ್' ಎಂದು ಬರೆದಿದ್ದರೂ 'ಮೂಲಪ್ರಾಣಿ: ಮೊಲ' ಎಂದಿದ್ದರೆ ಮೊದಲ ಜೀನು ಪ್ರಾಣಿಯಿಂದಲೇ ಬಂದದ್ದು. ಪಾತ್ರೆಯಲ್ಲಿ ಕೋಶಗಳನ್ನು ಬೆಳೆಸಲು ಬಹುಕಾಲದಿಂದ ಹಾಕುತ್ತಿರುವುದು, ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಗರ್ಭಸ್ಥ ಕರುವಿನ ರಕ್ತದಿಂದ ತೆಗೆದ ಸೀರಮ್ಮನ್ನು. ಸೀರಮ್ ಇಲ್ಲದ ಪೋಷಕದ್ರವಗಳು ಈಗ ದೊರೆಯುತ್ತವೆ, ಕೇಳಿ ಬಳಸಬೇಕು. 'ಪಾತ್ರೆಯಲ್ಲಿ ಬೆಳೆಸಿದ್ದು' ಎಂದೊಡನೆ ಅಹಿಂಸೆಯಾಯಿತೆಂದು ತಿಳಿಯುವುದು ನಮ್ಮ ಅಜ್ಞಾನ.

ನಿರ್ಣಯ

ನಾನು ಈ ಹಾಳೆಯನ್ನು ಓದುತ್ತಿದ್ದ ತಿಂಗಳುಗಳಲ್ಲಿ ಆ ಹುಡುಗಿ ಸುಮ್ಮನೆ ಕೂತಿರಲಿಲ್ಲ. ಗುರಿ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಜೀವಕೋಶಗಳನ್ನು ಬೇರೊಂದು ಪ್ರಯೋಗಾಲಯದಿಂದ ತರಿಸಿ, ತನ್ನ ಸೀಸೆಯ ಪ್ರತಿಕಾಯವನ್ನು ಅವುಗಳ ಮೇಲೆ ಪರೀಕ್ಷಿಸಿದಳು. ಪ್ರೋಟೀನೇ ಇಲ್ಲದ ಮೇಲೆ ಪಟ್ಟೆ ಬರಬಾರದು. ಬಂದಿತು. ಆರು ತಿಂಗಳ ಕೆಲಸವನ್ನು ಆಕೆ ಬದಿಗಿಟ್ಟಳು. ತಯಾರಕರಿಗೆ ಬರೆದಾಗ, ಇನ್ನಷ್ಟು ದುರ್ಬಲಗೊಳಿಸಿ ಬಳಸಿ ನೋಡಿರೆಂದು ಉತ್ತರ ಬಂದಿತು. ಈಗ ಬೇರೊಂದು ರಿಕಾಂಬಿನೆಂಟ್ ಪ್ರತಿಕಾಯವನ್ನು ಮೊದಲು ಪರೀಕ್ಷಿಸಿ, ಅನಂತರ ಕೆಲಸ ಮುಂದುವರಿಸಿದ್ದಾಳೆ.

ವಿದ್ಯಾರ್ಥಿವೇತನ ಕೊಡಬೇಕೆಂದು ನಾನು ಬರೆದುಕೊಟ್ಟೆ. ಕೊಡದಿದ್ದರೆ ಒಂದು ಇಲಿಯೂ ಉಳಿಯುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಪ್ರಶ್ನೆ ಕೇಳುವ ಒಬ್ಬಳು ಕಡಮೆಯಾಗುತ್ತಿದ್ದಳು. ಲಾಭ ಪಡೆಯುವವರೆಲ್ಲ ಹೇಳುವ ಮಾತೇ ಇದೆಂದು ಹಿರಿಯರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದು. ಅದಕ್ಕಾಗಿಯೇ, ಸಂಶೋಧನೆಗೋ ಆಸ್ಪತ್ರೆಯ ಪ್ರಯೋಗಾಲಯಕ್ಕೋ ನೆರವು ನೀಡುವ ಟ್ರಸ್ಟುಗಳು ನಾಲ್ಕು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಬೇಕೆಂದು ಸೂಚಿಸಿದೆ. ಪ್ರಾಣಿಗಳಿಲ್ಲದೆ ಪಡೆದ ಪ್ರತಿಕಾಯ ಇದೆಯೇ ಎಂದು ಹುಡುಕಿದಿರಾ? ಇಲ್ಲದಿದ್ದರೆ, ಕೊಂಡದ್ದು ಪಾತ್ರೆಯಲ್ಲಿ ಬೆಳೆಸಿದ್ದೋ, ಜಲೋದರದಿಂದ ತೆಗೆದದ್ದೋ? ಗುರಿಯಿಲ್ಲದ ಕೋಶಗಳ ಮೇಲೆ ಅದನ್ನು ಪರೀಕ್ಷಿಸಿದಿರಾ? ವಿಫಲವಾದರೆ ಅದನ್ನು ಪ್ರಕಟಿಸುವಿರಾ? ಇವುಗಳಿಗೆ ಉತ್ತರ ಬರೆಯಲು ಒಂದು ಪುಟ ಸಾಕು. ಅಷ್ಟನ್ನೂ ಬರೆಯಲೊಲ್ಲದವರಿಗೆ ಬಸದಿಯ ಹಣ ಸಲ್ಲದು.

ಸಭೆ ಇದನ್ನು ಒಪ್ಪಿಕೊಂಡಿತು. ಹಿರಿಯರು ಪೂರ್ತಿ ಒಪ್ಪಲಿಲ್ಲ. "ನಾಲ್ಕು ಪ್ರಶ್ನೆ ಸರಿ. ಆದರೆ ಉತ್ತರ ಚೆನ್ನಾಗಿದೆ ಎಂಬ ಮಾತ್ರಕ್ಕೆ ಇಲಿ ಬದುಕಿತು ಎಂದು ಬರೆದುಕೊಳ್ಳಬೇಡಿ" ಎಂದರು. ಆ ಮಾತನ್ನು ನಡವಳಿ ಪುಸ್ತಕದಲ್ಲಿ ನಿರ್ಣಯದ ಕೆಳಗೆಯೇ ದಾಖಲಿಸಿದ್ದೇವೆ. ಮುಂದಿನ ಅರ್ಜಿಯನ್ನು ಪರಿಶೀಲಿಸುವವರು ಎರಡನ್ನೂ ಓದಲಿ.